ವೈದ್ಯರಿಂದ ಆರೋಗ್ಯ ವ್ಯವಸ್ಥೆ ಬದಲಾದೀತೇ? ಭಾಲ್ಕಿಯ ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಭಾಲ್ಕಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕ. ನನ್ನ ಮಗಳು ಬೀದರ್‌ನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈಗ ಯಾದಗಿರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಕಡ್ಡಾಯ ಗ್ರಾಮೀಣ ಸೇವೆಯಲ್ಲಿದ್ದಾಳೆ. ಮುಂದೆ ಹೆರಿಗೆ ವಿಭಾಗವನ್ನೋ ಮಕ್ಕಳ ವಿಭಾಗವನ್ನೋ ಓದಲಿ ಎಂಬುದು ನಮ್ಮ ಆಸೆ. ಅವಳು ಮಾತ್ರ ಸಾರ್ವಜನಿಕ ಆರೋಗ್ಯವನ್ನೇ ಓದುತ್ತೇನೆ, ವ್ಯವಸ್ಥೆ ಸರಿಯಾಗದೆ ಒಬ್ಬೊಬ್ಬ ರೋಗಿಯನ್ನು ನೋಡಿ ಏನು ಪ್ರಯೋಜನ ಎನ್ನುತ್ತಾಳೆ. ಬೀಗರು ನೆಂಟರೆಲ್ಲ "ಇಷ್ಟು ಓದಿ ಕೊನೆಗೆ ರಿಜಿಸ್ಟರ್ ಬರೆಯೋದೇನು?" ಎಂದು ಕೇಳುತ್ತಾರೆ. ವ್ಯವಸ್ಥೆಯನ್ನು ಬದಲಿಸುವುದು ಮಂತ್ರಿಗಳ, ಐ.ಎ.ಎಸ್. ಅಧಿಕಾರಿಗಳ ಕೆಲಸವಲ್ಲವೇ? ವೈದ್ಯರು ನಿಜವಾಗಿ ಅಂಥದ್ದೇನಾದರೂ ಮಾಡಿದ್ದಾರೆಯೇ? ಮಾಡಿದ್ದರೆ, ಅವಳು ಯಾವ ಕೋರ್ಸ್ ಹಿಡಿಯಬೇಕು?

ಉತ್ತರ: ಕೋರ್ಸಿನ ವಿಷಯ ಸುಲಭದ್ದು, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ವೈದ್ಯರು ವ್ಯವಸ್ಥೆಯನ್ನು ಬದಲಿಸಿದ್ದಾರೆಯೇ ಎಂಬ ಮೊದಲ ಪ್ರಶ್ನೆಗೆ, ಬದಲಿಸಿದ್ದಾರೆ ಎಂದೇ ನನ್ನ ಉತ್ತರ. ಆದರೆ ಅವರು ಬದಲಿಸಿದ ಬಗೆ ನಾವು ಸಾಮಾನ್ಯವಾಗಿ ಊಹಿಸುವಂಥದ್ದಲ್ಲ. ದೊಡ್ಡ ಶಸ್ತ್ರಚಿಕಿತ್ಸೆ ಮಾಡಿ ಹೆಸರು ಪಡೆದವರಾಗಲಿ, ದೊಡ್ಡ ಆಸ್ಪತ್ರೆ ಕಟ್ಟಿದವರಾಗಲಿ ಈ ಪಟ್ಟಿಯಲ್ಲಿ ಕಡಿಮೆ. ಅತಿ ಹೆಚ್ಚು ಜೀವ ಉಳಿಸಿದ ಸುಧಾರಣೆಗಳನ್ನು ತಂದ ವೈದ್ಯರು, ವೈದ್ಯನ ಕೈಯಲ್ಲೇ ಇರಬೇಕೆಂದು ಎಲ್ಲರೂ ನಂಬಿದ್ದ ಕೆಲಸವೊಂದನ್ನು ಅಲ್ಲಿಂದ ಬಿಡಿಸಿ ತಾಯಿಯ ಕೈಗೋ ಹಳ್ಳಿಯ ಹೆಣ್ಣುಮಗಳ ಕೈಗೋ ಕೊಟ್ಟವರು, ಮತ್ತು ಹಾಗೆ ಕೊಟ್ಟರೆ ಕೆಡುಕಾಗುವುದಿಲ್ಲ ಎಂಬುದನ್ನು ಲೆಕ್ಕ ಇಟ್ಟು ತೋರಿಸಿದವರು. ಈ ಲೆಕ್ಕ ಇಡುವುದು ತಮ್ಮ ನೆಂಟರು ಹೇಳುವ ರಿಜಿಸ್ಟರ್ ಬರೆಯುವ ಕೆಲಸವೇ ಆಗಿದೆ.

ದಿಲೀಪ್ ಮಹಾಲನಬೀಸ್ ಅವರಿಂದ ಆರಂಭಿಸುತ್ತೇನೆ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ಜನ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನಗಾಂವ್‌ನ ಶಿಬಿರದಲ್ಲಿ ಕಾಲರಾ ಹಬ್ಬಿತು. ಆಗ ಕಾಲರಾಕ್ಕೆ ಒಪ್ಪಿತವಾಗಿದ್ದ ಚಿಕಿತ್ಸೆಯೆಂದರೆ ರಕ್ತನಾಳಕ್ಕೆ ಸಲಾಯಿನ್ ಏರಿಸುವುದು. ಅದಕ್ಕೆ ಬಾಟಲಿ ಬೇಕು, ಸೂಜಿ ಬೇಕು, ಏರಿಸಲು ಕಲಿತ ಕೈ ಬೇಕು. ರೋಗಿಗಳು ನೆಲದ ಮೇಲೆ ಒತ್ತೊತ್ತಾಗಿ ಮಲಗಿದ್ದ ಆ ಜಾಗದಲ್ಲಿ ಈ ಮೂರೂ ಸಾಲದಾದವು. ಮಕ್ಕಳ ವೈದ್ಯರಾಗಿದ್ದ ಮಹಾಲನಬೀಸ್, ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೀಳುವಂತೆ ಪುಡಿ ತೂಗಿಸಿ ಪ್ಲಾಸ್ಟಿಕ್ ಚೀಲಗಳಿಗೆ ತುಂಬಿಸಿದರು. ಶಿಬಿರದಲ್ಲಿ ಅದನ್ನು ನಲ್ಲಿ ಇರುವ ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಯ ಮಗ್ಗುಲಲ್ಲಿ ಕುಳಿತ ತಾಯಿ, ಅಕ್ಕ, ಗಂಡ ಯಾರಾದರೂ ಸರಿ, ಲೋಟದಲ್ಲಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿರಿ ಎಂದರು. ಅಲ್ಲಿಯವರೆಗೆ ಶೇಕಡ 30ರ ಆಸುಪಾಸಿನಲ್ಲಿದ್ದ ಸಾವು ಶೇಕಡ 3.6ಕ್ಕೆ ಇಳಿಯಿತು.

ಬಾಯಿಯಿಂದ ಕುಡಿಸುವ ಈ ದ್ರಾವಣ ಅವರೇ ಕಂಡುಹಿಡಿದದ್ದಲ್ಲ. ಸಕ್ಕರೆಯ ಜೊತೆ ಸೇರಿದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆ ಎಂಬುದು ಪ್ರಯೋಗಾಲಯಕ್ಕೂ ಢಾಕಾ ಮತ್ತು ಕಲ್ಕತ್ತದ ಆಸ್ಪತ್ರೆಗಳಿಗೂ ಮೊದಲೇ ಗೊತ್ತಿತ್ತು. ಅದನ್ನು ತರಬೇತಿಯೇ ಇಲ್ಲದ ಜನರ ಕೈಗೆ ಕೊಡಬಹುದು ಎಂದು ತೀರ್ಮಾನಿಸಿದ್ದು ಮತ್ತು ಎಷ್ಟು ಜನ ಬಂದರು, ಎಷ್ಟು ಜನ ಉಳಿದರು ಎಂಬುದನ್ನು ಆ ಗದ್ದಲದ ನಡುವೆಯೂ ಬರೆದಿಟ್ಟದ್ದು ಅವರ ಸಾಧನೆ. ವಿಶ್ವ ಆರೋಗ್ಯ ಸಂಸ್ಥೆಯಲ್ಲಿದ್ದ ಧೀಮಾನ್ ಬರುವಾ ಎಂಬ ಇನ್ನೊಬ್ಬ ವೈದ್ಯರು ಶಿಬಿರಕ್ಕೆ ಬಂದು ನೋಡಿ ಇದನ್ನು ಜಿನೀವಾಕ್ಕೆ ಒಯ್ದರು. 1978ರಲ್ಲಿ ಜಗತ್ತಿನಾದ್ಯಂತ ಅತಿಸಾರ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಇಂದು ತಮ್ಮ ಮಗಳ ಕೇಂದ್ರದ ಕಪಾಟಿನಲ್ಲಿರುವ 20.5 ಗ್ರಾಮಿನ ಓ.ಆರ್.ಎಸ್. ಪೊಟ್ಟಣ ಆ ಚೀಲದ ಸುಧಾರಿತ ರೂಪ. ಆದರೂ ನಮ್ಮ ಭಾಗದಲ್ಲಿ ಬೇಸಿಗೆ ಬಂತೆಂದರೆ "ಸಲಾಯಿನ್ ಹಚ್ಚದ ಡಾಕ್ಟರ್ ಎಂಥಾ ಡಾಕ್ಟರ್?" ಎಂಬ ಮಾತು ಈಗಲೂ ಕಿವಿಗೆ ಬೀಳುತ್ತದೆ. ಜನರಿಗೆ ಹಾಗೆ ಅಭ್ಯಾಸ ಮಾಡಿಸಿದವರಲ್ಲಿ ನಮ್ಮ ವೃತ್ತಿಯವರೂ ಇದ್ದಾರೆ ಎಂಬುದನ್ನು ಮರೆಮಾಚುವುದು ಸರಿಯಲ್ಲ.

ಕ್ಷಯರೋಗದ ಕಥೆಯೂ ಇದೇ ಜಾಡಿನದು, ಮತ್ತು ಅದರಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 1950ರ ದಶಕದವರೆಗೆ ಕ್ಷಯ ಎಂದರೆ ಸ್ಯಾನಟೋರಿಯಂ, ಅಂದರೆ ತಿಂಗಳುಗಟ್ಟಲೆ ಹಾಸಿಗೆ, ಒಳ್ಳೆಯ ಗಾಳಿ, ಪೌಷ್ಟಿಕ ಊಟ. ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಕೇಂದ್ರದಲ್ಲಿ ಬ್ರಿಟಿಷ್ ವೈದ್ಯ ವಾಲೇಸ್ ಫಾಕ್ಸ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ನಗರದ ಬಡ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ಯಾನಟೋರಿಯಂನಲ್ಲಿ, ಇನ್ನೊಂದಕ್ಕೆ ಮನೆಯಲ್ಲೇ ಅದೇ ಮಾತ್ರೆಗಳನ್ನು ಕೊಟ್ಟರು. ಇಕ್ಕಟ್ಟಾದ ಮನೆಗಳಲ್ಲಿ, ಅರೆಹೊಟ್ಟೆಯಲ್ಲಿ ಇದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ಮನೆಯ ಉಳಿದವರಿಗೆ ರೋಗ ತಗಲುವ ಅಪಾಯವೂ ಹೆಚ್ಚಲಿಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಜಗತ್ತಿನ ಕ್ಷಯ ಚಿಕಿತ್ಸೆಯೇ ಹಾಸಿಗೆಯಿಂದ ಮನೆಗೆ ಬಂತು.

ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಕಟ್ಟಲಾಗುತ್ತಿತ್ತು. ಕ್ಷಯ ರೋಗಿಗಳು ಅಜ್ಞಾನದಿಂದ ಮನೆಯಲ್ಲೇ ಕೂರುತ್ತಾರೆ, ಆದ್ದರಿಂದ ಎಕ್ಸ್‌ರೇ ಗಾಡಿಗಳನ್ನು ಊರೂರಿಗೆ ಓಡಿಸಿ ಅವರನ್ನು ಹುಡುಕಬೇಕು ಎಂಬುದು ಆಗಿನ ನಂಬಿಕೆ. ವೈದ್ಯರೂ ಸಮಾಜವಿಜ್ಞಾನದ ಕಡೆ ವಾಲಿದವರೂ ಆಗಿದ್ದ ದೇಬಬರ್ ಬ್ಯಾನರ್ಜಿ, ಸಹೋದ್ಯೋಗಿ ಸ್ಟಿಗ್ ಆಂಡರ್ಸನ್ ಅವರೊಡನೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳ ಮನೆಗೇ ಹೋಗಿ, ನಿಮಗೆ ಏನಾಗುತ್ತಿದೆ, ಅದಕ್ಕೆ ಏನು ಮಾಡಿದಿರಿ ಎಂದು ಕೇಳಿಸಿದರು. 1963ರಲ್ಲಿ ಪ್ರಕಟವಾದ ಉತ್ತರ ವೈದ್ಯ ಸಮುದಾಯಕ್ಕೆ ಮುಜುಗರ ತರುವಂಥದ್ದಾಗಿತ್ತು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ಕೆಮ್ಮಿನ ಅರಿವಿತ್ತು, ಅರ್ಧಕ್ಕೂ ಹೆಚ್ಚು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು, ಅಲ್ಲಿ ಅವರಿಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ವಾಪಸ್ ಕಳಿಸಲಾಗಿತ್ತು. ಹೀಗಿರುವಾಗ ರೋಗಿಯನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇರಲಿಲ್ಲ. ಬಂದವನ ಕಫವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ಸಾಕಿತ್ತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಸಾಮಾನ್ಯ ಆರೋಗ್ಯ ಕೇಂದ್ರಗಳ ಮೇಲೆಯೇ ನಿಂತದ್ದು, ಪ್ರಕಟಣೆಗೂ ಮೊದಲೇ ಕೈಗೆ ಸಿಕ್ಕಿದ್ದ ಈ ತಿಳಿವಳಿಕೆಯಿಂದ. ಮೂರು ಸಾವಿರ ಹಾಸಿಗೆಯ ಆಸ್ಪತ್ರೆ ಕಟ್ಟಿದ್ದರೂ ಈ ಒಂದು ಸಂಗತಿ ಹೊರಬೀಳುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ವರ್ಷಗಳಲ್ಲಿ ಭಾರತದ ಕ್ಷಯ ನಿಯಂತ್ರಣದಲ್ಲಿ ದುಡಿಯುತ್ತಿದ್ದ ಡೆನ್ಮಾರ್ಕಿನ ವೈದ್ಯ ಹಾಫ್‌ಡಾನ್ ಮಾಹ್ಲರ್ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು, 1988ರವರೆಗೆ ಆ ಹುದ್ದೆಯಲ್ಲಿದ್ದರು. ಇಲ್ಲಿ ಕಂಡದ್ದನ್ನು ಅವರು ಮರೆಯಲಿಲ್ಲ ಎನ್ನುವುದಕ್ಕೆ 1978ರ ಸೆಪ್ಟೆಂಬರ್‌ನಲ್ಲಿ ಸೋವಿಯತ್ ಒಕ್ಕೂಟದ ಆಲ್ಮಾ ಆಟಾದಲ್ಲಿ ನಡೆದ ಸಮ್ಮೇಳನವೇ ಸಾಕ್ಷಿ. ಅಲ್ಲಿ 134 ದೇಶಗಳು ಪ್ರಾಥಮಿಕ ಆರೋಗ್ಯವೇ ಎಲ್ಲಕ್ಕೂ ತಳಹದಿ ಎಂದು ಒಪ್ಪಿ, 2000ನೇ ಇಸವಿಯೊಳಗೆ ಎಲ್ಲರಿಗೂ ಆರೋಗ್ಯ ಎಂಬ ಗುರಿ ಇಟ್ಟುಕೊಂಡವು. ಗುರಿ ಈಡೇರಲಿಲ್ಲ. ಮರುವರ್ಷವೇ ಅಮೆರಿಕದ ಇಬ್ಬರು ವೈದ್ಯರು, ಜೂಲಿಯಾ ವಾಲ್ಶ್ ಮತ್ತು ಕೆನೆತ್ ವಾರನ್, ಎಲ್ಲವನ್ನೂ ಒಟ್ಟಿಗೆ ಮಾಡಲಾಗದು, ಕಡಿಮೆ ಖರ್ಚಿನಲ್ಲಿ ಹೆಚ್ಚು ಜೀವ ಉಳಿಸುವ ಕೆಲವನ್ನಷ್ಟೇ ಆರಿಸಿ ಮಾಡೋಣ ಎಂದು ವಾದಿಸಿದರು, ಮತ್ತು ಹಣ ಕೊಡುವ ಸಂಸ್ಥೆಗಳಿಗೆ ಅದೇ ಹಿತವೆನಿಸಿತು. ಲಸಿಕೆ, ಓ.ಆರ್.ಎಸ್. ಎಲ್ಲೆಡೆ ಬಂದವು, ಆಲ್ಮಾ ಆಟಾದಲ್ಲಿ ಒಟ್ಟಿಗೆ ಹೇಳಿದ್ದ ನೀರು, ಆಹಾರ, ಚರಂಡಿಗಳು ಹಿಂದೆ ಬಿದ್ದವು. ವೈದ್ಯ ನಾಯಕರು ಎಂದ ಕೂಡಲೇ ಅವರೆಲ್ಲ ಒಂದೇ ದಿಕ್ಕಿಗೆ ನಡೆಸುತ್ತಾರೆ ಎಂದು ತಾವು ಭಾವಿಸಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ.

ನಮಗೆ ಹತ್ತಿರದ ಎರಡು ಉದಾಹರಣೆಗಳು ಮಹಾರಾಷ್ಟ್ರದವು. ರಜನೀಕಾಂತ್ ಮತ್ತು ಮೇಬೆಲ್ ಆರೊಳೆ ದಂಪತಿ 1970ರಲ್ಲಿ ಬರಪೀಡಿತ ಜಾಮಖೇಡದಲ್ಲಿ ಕೆಲಸ ಆರಂಭಿಸಿ, ಓದುಬರಹ ಬಾರದ ಹಳ್ಳಿಯ ಹೆಂಗಸರನ್ನು, ಅವರಲ್ಲೂ ದಲಿತ ಹೆಣ್ಣುಮಕ್ಕಳನ್ನು, ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದರು. ಗಡ್‌ಚಿರೋಲಿಯಲ್ಲಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನವಜಾತ ಶಿಶುವಿಗೆ ನಂಜೇರಿದರೆ ಆಸ್ಪತ್ರೆಗೇ ಸೇರಿಸಬೇಕು ಎನ್ನುವುದು ಪಠ್ಯಪುಸ್ತಕದ ಮಾತು. ಆಸ್ಪತ್ರೆಗೆ ಹೋಗದ, ಹೋಗಲಾಗದ ಮಕ್ಕಳ ಗತಿಯೇನು ಎಂಬುದು ಅವರ ಪ್ರಶ್ನೆ. 39 ಹಳ್ಳಿಗಳಲ್ಲಿ ಅಲ್ಪಸ್ವಲ್ಪ ಓದಿದ ಹೆಣ್ಣುಮಕ್ಕಳಿಗೆ ಕೂಸಿನ ತೂಕ ಹಿಡಿಯುವುದು, ಬೆಚ್ಚಗಿಡುವುದು, ಉಸಿರು ಎಣಿಸುವುದು, ನಂಜಿನ ಲಕ್ಷಣ ಕಂಡರೆ ಮನೆಯಲ್ಲೇ ಜೆಂಟಾಮೈಸಿನ್ ಇಂಜೆಕ್ಷನ್ ಕೊಡುವುದು ಇಷ್ಟನ್ನೂ ಕಲಿಸಿದರು. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಇಲ್ಲಿ ನವಜಾತ ಶಿಶುಮರಣ ಶೇಕಡ 62ರಷ್ಟು ಇಳಿದಿತ್ತು. ಡಾಕ್ಟರಲ್ಲದವರ ಕೈಗೆ ಸಿರಿಂಜು ಕೊಡುವುದೇ ಎಂದು ವೈದ್ಯ ವಲಯದಲ್ಲಿ ಆಕ್ಷೇಪ ಎದ್ದದ್ದು ಸಹಜ. 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಆಶಾ ಕಾರ್ಯಕರ್ತೆಯ ಕಲ್ಪನೆಯ ಹಿಂದೆ ಇಂಥ ಪ್ರಯೋಗಗಳೇ ಇವೆ. ಬಾಣಂತಿಯ ಮನೆಗೆ ಆಕೆ ಬಂದು ಕೂಸನ್ನು ತೂಗುವ ಪದ್ಧತಿ 2011ರಿಂದ ದೇಶದ ಕಾರ್ಯಕ್ರಮವೇ ಆಗಿದೆ. ತಮ್ಮ ಮಗಳ ಕೇಂದ್ರದ ಆಶಾ ಕಾರ್ಯಕರ್ತೆ, ತಾಯಿ ಕಾರ್ಡ್ ತೆರೆದು ತೂಕ ಬರೆಯುವಾಗ ಅದು ಗಡ್‌ಚಿರೋಲಿಯಿಂದ ಬಂದ ಕೆಲಸ.

ಕೆಲಸವನ್ನು ವೈದ್ಯನ ಕೈಯಿಂದ ಬಿಡಿಸಿದವರೇ ಹೆಚ್ಚು ಜೀವ ಉಳಿಸಿದರು ಎಂಬ ನನ್ನ ಅಭಿಪ್ರಾಯಕ್ಕೆ ಎದುರು ನಿಲ್ಲುವ ಉದಾಹರಣೆಯೊಂದು ನಮ್ಮ ಕಲಬುರಗಿಯಿಂದಲೇ ಹೊರಟಿದೆ. ಅವಿಭಜಿತ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದ ವೈ.ಎಸ್. ರಾಜಶೇಖರ ರೆಡ್ಡಿ ಎಂ.ಬಿ.ಬಿ.ಎಸ್. ಓದಿದ್ದು ಇಲ್ಲಿನ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿನಲ್ಲಿ. ಜಮ್ಮಲಮಡುಗಿನ ಮಿಷನ್ ಆಸ್ಪತ್ರೆಯಲ್ಲಿ ಕೆಲಕಾಲ ವೈದ್ಯರಾಗಿದ್ದು ಆಮೇಲೆ ರಾಜಕೀಯಕ್ಕೆ ಹೋದವರು ಅವರು. 2007ರಲ್ಲಿ ಅವರು ತಂದ ಆರೋಗ್ಯಶ್ರೀ ಯೋಜನೆ, ಬಡವರ ಹೃದಯ, ಕ್ಯಾನ್ಸರ್, ಮೂತ್ರಪಿಂಡದ ದೊಡ್ಡ ಚಿಕಿತ್ಸೆಗಳ ಖರ್ಚನ್ನು ಸರ್ಕಾರವೇ ಕೊಡುವ ವ್ಯವಸ್ಥೆ. ಅದು ಮೊದಲು ಕಾಲಿಟ್ಟ ಮೂರು ಹಿಂದುಳಿದ ಜಿಲ್ಲೆಗಳಲ್ಲಿ ಆಗ ನಮ್ಮ ಗಡಿಗೆ ಹೊಂದಿಕೊಂಡಿದ್ದ ಮೆಹಬೂಬ್‌ನಗರವೂ ಒಂದು. 2010ರಲ್ಲಿ ಕರ್ನಾಟಕ ಅದೇ ಮಾದರಿಯ ವಾಜಪೇಯಿ ಆರೋಗ್ಯಶ್ರೀಯನ್ನು ಮೊದಲು ತಂದದ್ದು ಆಗಿನ ಗುಲಬರ್ಗಾ ವಿಭಾಗಕ್ಕೆ. ಇಲ್ಲಿ ಓದಿದವರ ಯೋಜನೆ ಒಂದು ಸುತ್ತು ಹಾಕಿ ಇಲ್ಲಿಗೇ ಬಂದಂತಾಯಿತು.

ಕರ್ನಾಟಕದ ಈ ಯೋಜನೆಯ ಫಲವನ್ನು ಅಳೆದವರೂ ಇದ್ದಾರೆ. ಯೋಜನೆ ಮೊದಲು ಬಂದ ಉತ್ತರದ ಜಿಲ್ಲೆಗಳ ಅಂಚಿನ 300 ಹಳ್ಳಿಗಳನ್ನೂ, ಆ ಜಿಲ್ಲೆಗಳ ಗಡಿಯಾಚೆ ಇನ್ನೂ ಯೋಜನೆ ಬಾರದಿದ್ದ 272 ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಯೋಜನೆ ಇದ್ದ ಕಡೆ ಶೇಕಡ 64ರಷ್ಟು ಕಡಿಮೆ ಇದ್ದುದನ್ನೂ, ಆಸ್ಪತ್ರೆಗೆಂದು ಜನ ಕೈಯಿಂದ ಹಾಕುವ ಹಣ ಶೇಕಡ 34ರಷ್ಟು ಇಳಿದುದನ್ನೂ ತೋರಿಸಿತು. ಎದೆನೋವು ಬಂದವನನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯಲು ಹೊಲ ಒತ್ತೆ ಇಡುವುದನ್ನು ಕಂಡವರು ಯಾರೂ ಇದನ್ನು ಸಣ್ಣದೆಂದು ತಳ್ಳಿಹಾಕಲಾರರು. ಆದರೂ ಈ ಬಗೆಯ ಯೋಜನೆಯ ಹಣ ಹರಿಯುವುದು ದೊಡ್ಡ ಆಸ್ಪತ್ರೆಗೆ, ಅವುಗಳಲ್ಲಿ ಬಹುಪಾಲು ಖಾಸಗಿಯವು. ಹತ್ತು ವರ್ಷ ರಕ್ತದೊತ್ತಡ ಅಳೆಯಿಸಿಕೊಳ್ಳದೆ ಇದ್ದ ಆಳಂದ ಕಡೆಯ ರೈತನಿಗೆ ಹೃದಯದ ಸ್ಟೆಂಟ್ ಉಚಿತವಾಗಿ ಸಿಗುತ್ತದೆ, ಅದೇ ರೈತನಿಗೆ ತನ್ನೂರಿನ ಉಪಕೇಂದ್ರದಲ್ಲಿ ತಿಂಗಳ ಮಾತ್ರೆ ಸಿಗದೆ ಹೋಗುತ್ತದೆ. ರಾಜಶೇಖರ ರೆಡ್ಡಿಯವರು ವೈದ್ಯರಾಗಿದ್ದುದರಿಂದಲೇ ಬಡವನ ಆಸ್ಪತ್ರೆ ಖರ್ಚಿನ ನೋವು ಅವರಿಗೆ ತಟ್ಟಿತು ಎನ್ನಬಹುದು. ಆಸ್ಪತ್ರೆಯ ಬಾಗಿಲಿಂದ ನೋಡಿದ ವೈದ್ಯನ ದೃಷ್ಟಿಯೇ ಯೋಜನೆಯ ಮಿತಿಯೂ ಆಯಿತು ಎಂದು ನನಗನ್ನಿಸುತ್ತದೆ.

ವೈದ್ಯರಲ್ಲದವರು ಮಾಡಿದ್ದು ಕಡಿಮೆಯೇನಲ್ಲ, ಆ ಮಟ್ಟಿಗೆ ತಮ್ಮ ಸಂಶಯ ಸರಿ. ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಚೌಕಟ್ಟನ್ನು ದೇಶಕ್ಕೆ ಕೊಟ್ಟ 1946ರ ವರದಿಯ ಸಮಿತಿಗೆ ಅಧ್ಯಕ್ಷರಾಗಿದ್ದ ಜೋಸೆಫ್ ಭೋರ್ ಐ.ಸಿ.ಎಸ್. ಅಧಿಕಾರಿ. ನಮ್ಮ ಭಾಗದ ತಾಲ್ಲೂಕುಗಳು ಎಷ್ಟು ಹಿಂದುಳಿದಿವೆ ಎಂಬುದನ್ನು 2002ರಲ್ಲಿ ಅಂಕಿಗಳಲ್ಲಿ ಇಟ್ಟ ಡಿ.ಎಂ. ನಂಜುಂಡಪ್ಪ ಅರ್ಥಶಾಸ್ತ್ರಜ್ಞರು. ನಮ್ಮ ಭಾಗಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಬಂದದ್ದು ರಾಜಕೀಯ ಹೋರಾಟದಿಂದ. ಹಣವೂ ಕಾನೂನೂ ಬರುವುದು ಹೀಗೆಯೇ. ಆದರೆ ಬಂದ ಹಣ ಇನ್ನೊಂದು ಕಟ್ಟಡಕ್ಕೆ ಹೋಗಬೇಕೋ ಎರಡು ಉಪಕೇಂದ್ರಗಳಿಗೆ ಶುಶ್ರೂಷಕಿಯರನ್ನು ಕೊಡುವುದಕ್ಕೆ ಹೋಗಬೇಕೋ ಎಂಬ ಚರ್ಚೆ ಜಿಲ್ಲಾ ಪಂಚಾಯಿತಿಯ ಸಭೆಯಲ್ಲಿ ಬಂದಾಗ, ಕಾಗದದಲ್ಲಿ ಅಂಕಿ ಹಿಡಿದು ಮಾತಾಡಬಲ್ಲ ವೈದ್ಯರು ಅಲ್ಲಿಲ್ಲದಿದ್ದರೆ ಕಟ್ಟಡವೇ ಗೆಲ್ಲುತ್ತದೆ. ಕಟ್ಟಡಕ್ಕೆ ಗುತ್ತಿಗೆದಾರನಿದ್ದಾನೆ, ಉದ್ಘಾಟನೆಯ ಕಲ್ಲಿದೆ. ಶುಶ್ರೂಷಕಿಯ ಪರವಾಗಿ ಮಾತಾಡುವವರು ಕಡಿಮೆ.

ಅಂಕಿ ಎಲ್ಲಿಂದ ಬರುತ್ತದೆ ಎಂಬುದನ್ನು ತಮ್ಮ ಮಗಳ ಮೇಜಿನ ಮೇಲಿರುವ ಲಸಿಕೆಯ ರಿಜಿಸ್ಟರಿನಿಂದಲೇ ಹೇಳುತ್ತೇನೆ. ಕೂಸಿಗೆ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಐದು ರೋಗಗಳನ್ನು ತಡೆಯುವ ಪೆಂಟಾವೆಲೆಂಟ್ ಲಸಿಕೆ, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ ಮತ್ತು ರುಬೆಲ್ಲಾ ಲಸಿಕೆ. ಯಾದಗಿರಿ ಕಡೆಯ ತಾಂಡಾವೊಂದರ ಪುಟ ತೆರೆದರೆ ಮೊದಲ ಡೋಸಿನ ಕಾಲಂ ತುಂಬಿರುತ್ತದೆ, ಎರಡನೆಯದು ಅಲ್ಲಲ್ಲಿ ಖಾಲಿ, ಮೂರನೆಯದರಲ್ಲಿ "ಊರಲ್ಲಿಲ್ಲ" ಎಂಬ ಷರಾ ಸಾಲಾಗಿ ಕಾಣುತ್ತದೆ. ಮಾಸಿಕ ಸಭೆಯಲ್ಲಿ ಇದಕ್ಕೆ ಸಿಗುವ ವಿವರಣೆ "ತಾಯಂದಿರಲ್ಲಿ ಜಾಗೃತಿ ಇಲ್ಲ, ಕರಪತ್ರ ಹಂಚಬೇಕು" ಎಂಬುದು. ಅದೇ ಪುಟಗಳನ್ನು ತಿಂಗಳುವಾರು ಬಿಡಿಸಿ ನೋಡಿದರೆ ಖಾಲಿ ಬಿದ್ದ ಮನೆಗಳು ದೀಪಾವಳಿಯ ನಂತರ ಹೆಚ್ಚುವುದೂ, ಯುಗಾದಿಯ ಹೊತ್ತಿಗೆ ಮತ್ತೆ ತುಂಬಿಕೊಳ್ಳುವುದೂ ಕಾಣಬಹುದು. ಮಳೆಯಾಶ್ರಿತ ಹೊಲದ ಕೆಲಸ ಮುಗಿದ ಮೇಲೆ ಕುಟುಂಬಕ್ಕೆ ಕುಟುಂಬವೇ ಕಬ್ಬು ಕಡಿಯಲು, ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿರುತ್ತದೆ. ತಾಯಿಗೆ ಜಾಗೃತಿ ಇದ್ದುದರಿಂದಲೇ ಮೊದಲ ಡೋಸ್ ಬಿದ್ದಿದೆ. ಹಾಗಿರುವಾಗ ಕರಪತ್ರದಿಂದ ಆಗುವುದೇನು? ಹೋಗುವ ವಾರವೇ ತಾಂಡಾದಲ್ಲಿ ಲಸಿಕಾ ಶಿಬಿರ ಇಡಬೇಕು, ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಸಿಯೇ ಕಳಿಸಬೇಕು, ಯಾವ ಮೇಸ್ತ್ರಿಯ ಹಿಂದೆ ಯಾವ ಊರಿಗೆ ಹೋದರು ಎಂಬುದನ್ನು ಆಶಾ ಬರೆದಿಟ್ಟುಕೊಂಡು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಫೋನಿನಲ್ಲಿ ತಿಳಿಸಬೇಕು. ತುಮಕೂರಿನಲ್ಲಿ ಬ್ಯಾನರ್ಜಿಯವರು ಕೇಳಿಸಿದ ಪ್ರಶ್ನೆ ಇದೇ ಜಾತಿಯದು. ರೋಗಿಯ ಮೇಲೆ ಹೊರಿಸಿದ ತಪ್ಪು ವ್ಯವಸ್ಥೆಯದಾಗಿರಬಹುದೇ ಎಂದು ಅವರೂ ಲೆಕ್ಕ ತೆಗೆದು ನೋಡಿದರು.

ಜಾಗತಿಕ ಆರೋಗ್ಯ ಎಂಬ ದೊಡ್ಡ ಮಾತು ನಮ್ಮ ಜಿಲ್ಲೆಗಳಲ್ಲಿ ಯಾವ ರೂಪದಲ್ಲಿ ಇರುತ್ತದೆ ಎಂಬುದಕ್ಕೆ ಪೋಲಿಯೊ ಕಣ್ಗಾವಲನ್ನು ನೋಡಬೇಕು. ಹದಿನೈದರೊಳಗಿನ ಯಾವ ಮಗುವಿಗಾದರೂ ಇದ್ದಕ್ಕಿದ್ದಂತೆ ಕಾಲೋ ಕೈಯೋ ಸೋತರೆ, ಸೋತ ಹದಿನಾಲ್ಕು ದಿನಗಳ ಒಳಗೆ, ಕನಿಷ್ಠ 24 ಗಂಟೆಗಳ ಅಂತರದಲ್ಲಿ ಎರಡು ಬಾರಿ ಮಲದ ಮಾದರಿ ತೆಗೆದು, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸಬೇಕು. ಇದು ಪೋಲಿಯೊ ಇದೆ ಎಂದು ತೋರಿಸುವುದಕ್ಕಿಂತ ಹೆಚ್ಚಾಗಿ ಇಲ್ಲ ಎಂದು ಜಗತ್ತಿಗೆ ಸಾಬೀತುಪಡಿಸುವ ಕೆಲಸ. 1997ರಲ್ಲಿ ಆರಂಭವಾದ ಕಣ್ಗಾವಲು ಯೋಜನೆಯಲ್ಲಿ ಇದರ ಹೊಣೆ ಹೊತ್ತವರು ಜಿಲ್ಲೆಗಳಲ್ಲಿ ಓಡಾಡುವ ವೈದ್ಯಾಧಿಕಾರಿಗಳು. ದೇಶದ ಕೊನೆಯ ಸಹಜ (ಲಸಿಕೆಯ ವೈರಸ್ಸಿನಿಂದಲ್ಲದ) ಪೋಲಿಯೊ ಪ್ರಕರಣ ಹೌರಾ ಜಿಲ್ಲೆಯಲ್ಲಿ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚ್‌ನಲ್ಲಿ ಭಾರತವೂ ಸೇರಿದ, ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಪ್ರದೇಶವನ್ನು ಪೋಲಿಯೊಮುಕ್ತವೆಂದು ಘೋಷಿಸಲಾಯಿತು. ಆ ಘೋಷಣೆ ನಿಂತದ್ದು ಸುರಪುರ, ಔರಾದ, ಚಿಂಚೋಳಿಯಂಥ ತಾಲ್ಲೂಕುಗಳಿಂದಲೂ ಹೋದ ಆ ಐಸ್ ಪೆಟ್ಟಿಗೆಗಳ ಮೇಲೆ. ದೇಶದಲ್ಲಿ ಕೋವಿಡ್‌ನಿಂದ ಆದ ಮೊದಲ ಸಾವು 2020ರ ಮಾರ್ಚ್ 10ರಂದು ಕಲಬುರಗಿಯವರೊಬ್ಬರದು ಎಂಬುದು ತಮಗೂ ನೆನಪಿರುತ್ತದೆ; ಅಂದು ಊರಿನಲ್ಲಿ ಸಂಪರ್ಕಿತರನ್ನು ಮನೆ ಮನೆಗೆ ಹೋಗಿ ಪತ್ತೆ ಹಚ್ಚುವಾಗ ಬೇಕಾದದ್ದೂ ಇದೇ ಅಭ್ಯಾಸ.

ಇಷ್ಟಿದ್ದರೂ ನಮ್ಮ ರಾಜ್ಯದಲ್ಲಿ ಈ ಕೆಲಸಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲ, ಇದನ್ನು ತಮ್ಮ ಮಗಳು ಮೊದಲೇ ತಿಳಿದಿರುವುದು ಒಳ್ಳೆಯದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಿಂದ ದುಡಿದ ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರ ನೇಮಿಸಿದ್ದ ಕಾರ್ಯಪಡೆ 2001ರಲ್ಲಿ ವರದಿ ಕೊಟ್ಟಿತು. ವ್ಯವಸ್ಥೆಯ ಸಮಸ್ಯೆಗಳನ್ನು ಪಟ್ಟಿ ಮಾಡುವಾಗ ಅದು ಮೊದಲು ಹೆಸರಿಸಿದ್ದು ಭ್ರಷ್ಟಾಚಾರವನ್ನು, ಆಮೇಲೆ ಸಾರ್ವಜನಿಕ ಆರೋಗ್ಯದ ಕಡೆಗಣನೆಯನ್ನು. ಉತ್ತರದ ಜಿಲ್ಲೆಗಳು ಹಿಂದೆ ಬಿದ್ದಿರುವುದನ್ನೂ ಎತ್ತಿ ತೋರಿಸಿತು. ಸರ್ಕಾರಿ ಸಮಿತಿಯೊಂದು ಇಷ್ಟು ನೇರವಾಗಿ ಬರೆದದ್ದು ಅಪರೂಪ, ಅದಕ್ಕೆ ಅಧ್ಯಕ್ಷರ ಕಾಡಿನ ಅನುಭವವೂ ಕಾರಣ ಎಂದು ನಾನು ಭಾವಿಸಿದ್ದೇನೆ. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಪ್ರತ್ಯೇಕ ನಿರ್ದೇಶನಾಲಯ, ಪ್ರತ್ಯೇಕ ವೈದ್ಯ ವರ್ಗ, 1939ರಿಂದಲೇ ಒಂದು ಕಾಯ್ದೆ ಇವೆ. ಅಲ್ಲಿ ಈ ವಿಷಯ ಓದಿದ ವೈದ್ಯರಿಗೆ ಮೇಲೇರಲು ತಮ್ಮದೇ ಏಣಿ ಇದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಿಗೂ ಅಂಥ ವರ್ಗ ಬೇಕೆಂದಿತು. ನಮ್ಮಲ್ಲಿ ಬಹುಕಾಲ ಚಿಕಿತ್ಸೆಯಲ್ಲೇ ಇದ್ದವರು ಹಿರಿತನದ ಮೇಲೆ ಆಡಳಿತದ ಕುರ್ಚಿಗೆ ಬಂದು, ಕೆಲಸ ಕಲಿಯುವಷ್ಟರಲ್ಲಿ ನಿವೃತ್ತರಾಗುವುದೇ ಹೆಚ್ಚು. ಒಳ್ಳೆಯ ಶಸ್ತ್ರವೈದ್ಯನನ್ನು ಕಡತಗಳ ಮುಂದೆ ಕೂರಿಸಿ ಎರಡು ಕಡೆಯೂ ನಷ್ಟ ಮಾಡಿಕೊಂಡ ನಿದರ್ಶನಗಳು ಎಲ್ಲ ಜಿಲ್ಲೆಗಳಲ್ಲೂ ಸಿಗುತ್ತವೆ.

ಇನ್ನು ಕೋರ್ಸಿನ ವಿಷಯ. ಮೂರು ದಾರಿಗಳಿವೆ. ನೀಟ್ ಪಿಜಿ ಬರೆದು ಸಮುದಾಯ ವೈದ್ಯಶಾಸ್ತ್ರದಲ್ಲಿ ಮೂರು ವರ್ಷದ ಎಂ.ಡಿ. ಮಾಡುವುದು ಮೊದಲನೆಯದು. ವೈದ್ಯಕೀಯ ಕಾಲೇಜಿನಲ್ಲಿ ಬೋಧಕರಾಗಲು ಇದು ಬೇಕೇಬೇಕು, ಮನೆಯವರ ಸಮಾಧಾನಕ್ಕೂ "ಎಂ.ಡಿ." ಎಂಬ ಎರಡು ಅಕ್ಷರ ನೆರವಾಗುತ್ತವೆ. ಎರಡನೆಯದು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ, ಎಂ.ಪಿ.ಎಚ್. ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರ ಮತ್ತು ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಇದಕ್ಕೆ ಹೆಸರಾದವು. ಮೂರನೆಯದು ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ 2012ರಿಂದ ನಡೆಸುತ್ತಿರುವ ಎರಡು ವರ್ಷದ ಸಾಂಕ್ರಾಮಿಕ ಪತ್ತೆ ತರಬೇತಿ. ರೋಗ ಹಬ್ಬಿದ ಕಡೆಗೆ ಹೋಗಿ ತನಿಖೆ ಮಾಡುತ್ತಲೇ ಕಲಿಯುವ ಬಗೆ ಇದು, ತರಗತಿ ಕಡಿಮೆ. ಬೀದಿಗೊಂದರಂತೆ ತಲೆ ಎತ್ತಿರುವ ದೂರಶಿಕ್ಷಣದ ಡಿಪ್ಲೊಮಾಗಳಿಗೆ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ.

ನನ್ನನ್ನು ಕೇಳಿದರೆ, ಗ್ರಾಮೀಣ ಸೇವೆಯ ವರ್ಷ ಮುಗಿದ ಕೂಡಲೇ ಪರೀಕ್ಷೆಗೆ ಓಡುವುದಕ್ಕಿಂತ ಇನ್ನೂ ಒಂದೆರಡು ವರ್ಷ ಅದೇ ಬಗೆಯ ಕೇಂದ್ರದಲ್ಲಿ ಇದ್ದು, ಆಮೇಲೆ ಎಂ.ಡಿ.ಗೆ ಹೋಗುವುದು ಮೇಲು. ರೋಗಿಯನ್ನು ಮುಟ್ಟದೆ ಬರಿಯ ಅಂಕಿಗಳಿಂದ ಆರಂಭಿಸಿದವರು ಸಾಮಾನ್ಯವಾಗಿ ಅಂಕಿಗಳನ್ನು ಪ್ರಶ್ನಿಸುವುದನ್ನೇ ಮರೆಯುತ್ತಾರೆ. ಸಂಬಳದ ಮಾತನ್ನೂ ಮುಚ್ಚಿಡುವುದಿಲ್ಲ: ಹೆರಿಗೆ ತಜ್ಞೆಯಾಗಿ ಬೀದರ್‌ನಲ್ಲಿ ನರ್ಸಿಂಗ್ ಹೋಮ್ ನಡೆಸುವವರ ಗಳಿಕೆ ಇದರಲ್ಲಿ ಎಂದೂ ಬರುವುದಿಲ್ಲ; ಸರ್ಕಾರಿ ವೇತನವೋ, ಕಾಲೇಜಿನ ವೇತನವೋ, ಗುತ್ತಿಗೆಯ ಯೋಜನಾ ಹುದ್ದೆಯೋ ಸಿಗುತ್ತದೆ, ಗುತ್ತಿಗೆಯದಾದರೆ ವರ್ಷ ವರ್ಷ ನವೀಕರಣದ ಚಿಂತೆ ಇರುತ್ತದೆ. ಇದನ್ನು ಅವಳು ಕಣ್ಣು ಬಿಟ್ಟುಕೊಂಡೇ ಒಪ್ಪಿದ್ದರೆ ತಾವು ತಡೆಯಬೇಡಿ. ಒಪ್ಪಿದ್ದಾಳೋ ಇಲ್ಲವೋ ಎಂಬ ಅನುಮಾನ ತಮಗಿದ್ದರೆ, ಅರ್ಜಿ ಹಾಕುವ ಮೊದಲು ತನ್ನ ಕೇಂದ್ರದ ಒಂದು ವರ್ಷದ ಲಸಿಕೆ ರಿಜಿಸ್ಟರನ್ನು ತಾಂಡಾವಾರು, ತಿಂಗಳುವಾರು ಬಿಡಿಸಿ, ಎರಡು ಪುಟದ ಟಿಪ್ಪಣಿ ಬರೆದು ತಾಲ್ಲೂಕು ಆರೋಗ್ಯಾಧಿಕಾರಿಗಳ ಮಾಸಿಕ ಸಭೆಯಲ್ಲಿ ಮಂಡಿಸಲಿ. ಆ ಸಭೆಯ ಉತ್ತರ ಕೇಳಿದ ಮೇಲೂ ಈ ಕೆಲಸ ಬೇಕು ಎನಿಸಿದರೆ ಎಂ.ಡಿ. ಅರ್ಜಿ ತುಂಬಲಿ.